ಬೀದಿಯ ರೋಗವೆಲ್ಲ ಅಕ್ಕನ ಹೆಸರಿಗೆ

"ಅಕ್ಕ ಬಿದ್ಲು!" ಎಂದು ಯಾರೋ ಕೂಗಿದರು. ಗಾಲಿ ಸ್ಟ್ರೆಚರ್ ತಿರುಗಿಸಿಕೊಂಡು ಓಡಿದಳು.

ಗಾಲಿ ಅಂದರೆ ಆ ಆಸ್ಪತ್ರೆಯಲ್ಲಿ ರೋಗಿಗಳನ್ನು ತಳ್ಳುವ ಹೆಂಗಸು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಕೆಲಸಕ್ಕೆ ಸೇರಿದ ದಿನ ಮೇಸ್ತ್ರಿ "ಏ ಗಾಲಿ, ಬಾ ಇಲ್ಲಿ" ಅಂದ. ಅಲ್ಲಿಗೆ ಮುಗಿಯಿತು, ಹೆತ್ತವರ ಹೆಸರು ಮನೆಯಲ್ಲೇ ಉಳಿಯಿತು. ಅಕ್ಕ ಅಂದರೆ ಅವಳ ಒಡಹುಟ್ಟಿದ ಅಕ್ಕ. ಅದೇ ಆಸ್ಪತ್ರೆಯ ಒಗೆಯುವ ಮನೆಯಲ್ಲಿ ಕೆಲಸ. ರಕ್ತ, ಕೀವು, ವಾಂತಿ ಮೆತ್ತಿದ ಬೆಡ್‌ಶೀಟುಗಳನ್ನು ಬೆಳಗಿನಿಂದ ಸಂಜೆವರೆಗೆ ಕುದಿಸಿ, ಬಡಿದು, ಹಿಂಡುವುದು. ಅವಳ ಅಂಗೈ ನೋಡಿದರೆ ನೆನೆಸಿಟ್ಟ ಚರ್ಮದ ಹಾಗಿತ್ತು. ತೋಳು ಮಾತ್ರ ಒನಕೆ. ಕುಸ್ತಿಗೆ ಬಿಟ್ಟಿದ್ದರೆ ಮೇಸ್ತ್ರಿಯನ್ನು ಎತ್ತಿ ಒಗೆಯುತ್ತಿದ್ದಳು.

ಒಗೆಯುವ ಮನೆಗೆ ಒಂದೇ ಕಿಟಕಿ. ಅದಕ್ಕೆ ಮೊಳೆ ಹೊಡೆದಿದ್ದರು. ಬೆಡ್‌ಶೀಟು ಕದ್ದು ಆಚೆ ಎಸೆಯುತ್ತಾರೆ ಅಂತ ಮೇಸ್ತ್ರಿಯ ಅನುಮಾನ. ಅವತ್ತು ಯಾರೋ ದೊಡ್ಡವರು ಆಸ್ಪತ್ರೆ ನೋಡಲು ಬರುವವರಿದ್ದರು. ಬೆಳಿಗ್ಗೆಯೇ ಬಂದು, ಕಲೆ ಹೋಗಿಲ್ಲ, ಬ್ಲೀಚಿಂಗ್ ಪೌಡರಿನ ನೀರಿಗೆ ಆಸಿಡ್ ಸುರಿ ಅಂದ ಮೇಸ್ತ್ರಿ.

"ಎರಡೂ ಸೇರಿದ್ರೆ ಉಸಿರು ಕಟ್ಟುತ್ತೆ ಮೇಸ್ತ್ರಿ. ಕಿಟಕಿನಾದ್ರೂ ತೆಗೆಸಿ" ಅಂದಳು ಅಕ್ಕ.

"ನಿನ್ನ ಉಸಿರೇನು ಅತ್ತರಾ? ಸುರಿಯೇ."

ಸುರಿದಳು. ಹಳದಿ ಹೊಗೆ ಎದ್ದಿತು. ಜೊತೆಗಿದ್ದ ಎಳೆಯ ಹುಡುಗಿಯರನ್ನು ಹೊರಗೆ ನೂಕಿ, ತಾನು ಬಾಗಿಲಿಗೆ ಬರುವಷ್ಟರಲ್ಲಿ ಬಿದ್ದಳು.

ಗಾಲಿ ಅವಳನ್ನು ಎತ್ತಿ ಸ್ಟ್ರೆಚರಿಗೆ ಹಾಕಿದಾಗ ಬಾಯಲ್ಲಿ ನೊರೆ ಇತ್ತು. ಕಣ್ಣು ಕೆಂಡ. ಉಸಿರು ಎಳೆದರೆ ಕಮ್ಮಾರನ ಹರಿದ ತಿದಿಯ ಹಾಗೆ ಸದ್ದು.

"ಅಕ್ಕಾ, ನಾನಿದ್ದೀನಿ ಕಣೇ. ಹೆದರ್ಬೇಡ."

ಅಕ್ಕ ತಂಗಿಯ ಮಣಿಕಟ್ಟು ಹಿಡಿದಳು. ಮಾತು ಬರಲಿಲ್ಲ.

ತುರ್ತು ವಾರ್ಡಿಗೆ ನೂಕಿಕೊಂಡು ಬಂದಳು. ಆಮ್ಲಜನಕದ ಮಾಸ್ಕು ಹಾಕಿದರು. ಡಾಕ್ಟರು ಎಳೆ ವಯಸ್ಸಿನವನು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಎದೆಗೆ ಸ್ಟೆತಾಸ್ಕೋಪಿನ ಕೊಳವೆ ಒತ್ತಿ ಕೇಳಿದ. ಇದು ಮಾಸ್ಕಿನಲ್ಲಿ ಆಗುವ ಕೆಲಸವಲ್ಲ, ಗಂಟಲಿಗೆ ನಳಿಗೆ ಇಳಿಸಿ ಉಸಿರಿನ ಮಷೀನಿಗೆ ಹಾಕಬೇಕು ಅಂದ. ಐಸಿಯುನಲ್ಲಿ ಮಷೀನು ಒಂದೇ ಖಾಲಿ. ರಸ್ತೆಯಲ್ಲಿ ಬಿದ್ದು ತಲೆ ಒಡೆದುಕೊಂಡ ಒಬ್ಬ ತರುಣನೂ ಅದೇ ಹೊತ್ತಿಗೆ ಬಂದಿದ್ದ.

ಡಾಕ್ಟರು ಗೋಡೆಯ ಮೇಲಿನ ಕಂಪ್ಯೂಟರ್ ಪರದೆಯ ಕಡೆ ತಿರುಗಿದ.

ಆ ಪರದೆ ಬಂದು ವರ್ಷವಾಗಿತ್ತು. ಮೊದಲೆಲ್ಲ ಒಂದು ಮಷೀನಿಗೆ ಇಬ್ಬರು ರೋಗಿಗಳಿದ್ದರೆ ಡಾಕ್ಟರುಗಳು ಜಗಳವಾಡುತ್ತಿದ್ದರು, ಕೂಗಾಡುತ್ತಿದ್ದರು, ಒಬ್ಬೊಬ್ಬರು ಮೆಟ್ಟಿಲ ಮೂಲೆಯಲ್ಲಿ ಕೂತು ಅಳುತ್ತಿದ್ದರು. ಈಗ ಜಗಳವಿಲ್ಲ. ರೋಗಿಯ ಹೆಸರು ಹಾಕಿದರೆ ಪರದೆ ಹಳೇ ದಾಖಲೆಯೆಲ್ಲ ನೋಡಿ ಒಂದು ಗೆರೆ ಎಳೆಯುತ್ತದೆ. ಹಸಿರು ಬಂದರೆ ಐಸಿಯು. ಬೂದು ಬಂದರೆ ಹಿಂದಿನ ಕೋಣೆ. ಹಿಂದಿನ ಕೋಣೆಯಲ್ಲಿ ಒಂದು ಫ್ಯಾನು, ಒಂದು ಬೆಂಚು, ನೋವು ಗೊತ್ತಾಗದ ಹಾಗೆ ಒಂದು ಸೂಜಿ. ಅಲ್ಲಿಗೆ ಗಾಡಿಯಲ್ಲಿ ಹೋದವರು ಗಾಡಿಯಲ್ಲೇ ವಾಪಸು ಬರುತ್ತಿದ್ದರು, ಮುಖ ಮುಚ್ಚಿಕೊಂಡು.

ಪರದೆಗೆ ಜೋಯಿಸ ಅಂತ ಹೆಸರಿಟ್ಟಿದ್ದು ಬೋಳಣ್ಣ. ಅವನೂ ಗಾಡಿ ತಳ್ಳುವವನೇ, ಎಲ್ಲರಿಗಿಂತ ಹಳಬ. "ಜಾತಕ ಕೇಳಲ್ಲ, ದಕ್ಷಿಣೆ ಕೇಳಲ್ಲ, ಕಣ್ಣೆತ್ತಿ ಮುಖಾನೂ ನೋಡಲ್ಲ. ಆಯಸ್ಸು ಮಾತ್ರ ಠಣಾರಂತ ಹೇಳ್ತಾನೆ. ಇಂಥ ಜೋಯಿಸ ಎಲ್ಲಿ ಸಿಕ್ತಾನೆ?" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಗಾಲಿಯೂ ನಗುತ್ತಿದ್ದಳು.

ಡಾಕ್ಟರು ಅಕ್ಕನ ಹೆಸರು ಹಾಕಿದ. ಗೆರೆ ಬೂದು ಬಂತು.

ಡಾಕ್ಟರು ನಿಟ್ಟುಸಿರುಬಿಟ್ಟ. "ಆ ಹುಡುಗನ್ನ ಒಳಗೆ ತಗೊಳ್ಳಿ. ಇವರನ್ನ ಹಿಂದಿನ ಕೋಣೆಗೆ..." ಅಂದು, ಪೂರ್ತಿ ಹೇಳದೆ ಕೈ ಆಡಿಸಿದ. ಯಾವಾಗಲೂ ಹಾಗೆಯೇ. ಬಾಯಿ ಅರ್ಧ ಹೇಳುತ್ತದೆ, ಕೈ ಅರ್ಧ ಹೇಳುತ್ತದೆ, ಉಳಿದಿದ್ದನ್ನು ಗಾಡಿ ತಳ್ಳುವವರು ಮಾಡುತ್ತಾರೆ.

"ಏ ಗಾಲಿ, ನಡಿ, ತಳ್ಳು" ಅಂದ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ.

"ಯಾಕೆ ಸಾರ್?" ಅಂದಳು ಗಾಲಿ, ಡಾಕ್ಟರಿಗೆ.

ಅವಳು ಯಾಕೆ ಎಂದು ಕೇಳಿದ್ದು ಅದೇ ಮೊದಲು. ಡಾಕ್ಟರು ತಿರುಗಿ ನೋಡಿದ.

"ಇವಳು ನಮ್ಮಕ್ಕ. ಬೆಳಿಗ್ಗೆ ಎರಡು ಹಂಡೆ ನೀರು ಹೊತ್ತು ಬಂದವಳು. ಅವಳಿಗೇನಾಗಿದೆ ಅಂತ ಬೂದು?"

"ನೋಡಮ್ಮ, ಹೊಗೆ ಒಂದೇ ಆಗಿದ್ರೆ ಬೇರೆ ಮಾತು. ಇವರಿಗೆ ಮೊದಲೇ ಮೈಯೆಲ್ಲ ರೋಗ. ಟಿಬಿ ಆಗಿದೆ. ಕಿಡ್ನಿ ಕೆಟ್ಟಿದೆ. ಎದೆ ಸೀಳಿ ಹೃದಯದ ಆಪರೇಷನ್ ಬೇರೆ ಆಗಿದೆ. ಇಂಥವರು ಮಷೀನಿಗೆ ಹಾಕಿದ್ರೂ ಉಳಿಯಲ್ಲ ಅಂತ ಅದು ಹೇಳ್ತಿದೆ."

ಗಾಲಿ ಅಕ್ಕನ ಮುಖ ನೋಡಿದಳು.

ಅದೆಲ್ಲ ಅಕ್ಕನ ರೋಗವಲ್ಲ. ಬೀದಿಯ ರೋಗ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಕಾಯಂ ಕೆಲಸ ಇದ್ದದ್ದು ಅಕ್ಕ ಒಬ್ಬಳಿಗೇ. ಕಾಯಂ ಇದ್ದವರಿಗೆ ಚಿಕಿತ್ಸೆ ಪುಕ್ಕಟೆ. ಗಾಲಿಯ ಹಾಗೆ ಗುತ್ತಿಗೆಯವರಿಗೆ ಇಲ್ಲ. ತಟ್ಟೆ ತೊಳೆಯುವವರಿಗೆ, ಕಸ ಆಯುವವರಿಗೆ ಮೊದಲೇ ಇಲ್ಲ. ಹಾಗಾಗಿ ಯಾವ ಹೆಂಗಸಿಗೆ ಕಾಯಿಲೆಯಾದರೂ ಅಕ್ಕನ ಹೆಸರು ಹೇಳಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಉಪ್ಪು ಮುಗಿದರೆ ಪಕ್ಕದ ಮನೆಯಲ್ಲಿ ಕೇಳುತ್ತಾರಲ್ಲ, ಹಾಗೆ ಅಕ್ಕನಲ್ಲಿ ಹೆಸರು ಕೇಳುತ್ತಿದ್ದರು. "ಅಕ್ಕಾ, ನಾಳೆ ನಿನ್ನೆಸರು ಬೇಕಿತ್ತು." "ತಗೊಂಡೋಗೇ, ಹೆಸರೇನು ಸವೆದುಹೋಗುತ್ತಾ?" ಚೀಟಿ ಬರೆಯುವ ಕಿಟಕಿಯಲ್ಲಿ ಕೂತವರು ಯಾವತ್ತೂ ಹಿಡಿಯಲಿಲ್ಲ. ಆ ಬೀದಿಯವರ ಕೈಯಲ್ಲಿನ ಪೊರಕೆ ಕಾಣುತ್ತದೆ, ಮುಖ ಯಾರಿಗೆ ಕಾಣುತ್ತದೆ? ಟಿಬಿ ಕೆಮ್ಮಜ್ಜಿಯದು. ಕಿಡ್ನಿ ಹೋಟೆಲಿನಲ್ಲಿ ತಟ್ಟೆ ತೊಳೆಯುವವಳದು.

ಹೃದಯ ಗಾಲಿಯದು.

ಅದನ್ನು ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮೋಸ ಅನ್ನುತ್ತಾರೆ. ಎದೆ ಸೀಳಿಸಿಕೊಂಡವಳಿಗೆ ಗಾಡಿ ತಳ್ಳಲು ಬಿಡುವುದಿಲ್ಲ. ಮೇಸ್ತ್ರಿ ಅಲ್ಲೇ ನಿಂತಿದ್ದ. ಆದರೆ ಅಕ್ಕನ ಉಗುರು ನೀಲಿಯಾಗುತ್ತಿತ್ತು.

"ಸಾರ್, ಆ ಹೃದಯ ನಂದು."

"ಏನು?"

"ಆಪರೇಷನ್ ಆಗಿದ್ದು ನಂಗೆ. ಅಕ್ಕನ ಹೆಸರು ಹೇಳಿ ಮಾಡಿಸ್ಕೊಂಡೆ. ಟಿಬಿನೂ ಬೇರೆಯವರದ್ದು, ಕಿಡ್ನಿನೂ ಬೇರೆಯವರದ್ದು. ಅಕ್ಕ ಜನ್ಮದಲ್ಲಿ ಒಂದು ಮಾತ್ರೆ ನುಂಗಿದವಳಲ್ಲ."

ಮೇಸ್ತ್ರಿ ಕಿಸಕ್ಕನೆ ನಕ್ಕ. "ಕೇಳಿದ್ರಾ ಡಾಕ್ಟ್ರೇ? ಹೃದಯನೂ ಸಾಲ ಕೊಡ್ತಾರಂತೆ ಇವರ ಬೀದೀಲಿ. ಕಥೆ ಕಟ್ಟೋದು ಇವರ ಹತ್ರ ಕಲೀಬೇಕು."

"ಪ್ರೂಫ್ ಬೇಕಮ್ಮ" ಅಂದ ಡಾಕ್ಟರು. "ಸುಮ್ನೆ ನಾನು ಅಳಿಸಕ್ಕಾಗಲ್ಲ."

ಗಾಲಿ ಸೆರಗು ತೆಗೆದಳು. ಕುಪ್ಪಸದ ಗುಂಡಿ ಬಿಚ್ಚಿದಳು. ವಾರ್ಡಿನಲ್ಲಿ ಗಂಡಸರಿದ್ದರು, ಮೇಸ್ತ್ರಿ ಇದ್ದ, ತರುಣನ ಕಡೆಯವರು ಇದ್ದರು. ಆದರೂ ಬಿಚ್ಚಿದಳು. ಕೊರಳ ಕೆಳಗಿನಿಂದ ಹೊಟ್ಟೆಯ ಮೇಲಿನವರೆಗೆ ಹೊಲಿಗೆಯ ಗುರುತು, ಗೋಣಿಚೀಲ ಹೊಲಿದ ಹಾಗೆ.

"ಇಲ್ನೋಡಿ. ಕಣ್ತುಂಬ ನೋಡಿ. ಈಗ ಅವಳೆದೆ ನೋಡಿ. ಗೆರೆ ಇದೆಯಾ?"

ನರ್ಸಮ್ಮ ಅಕ್ಕನ ಎದೆಯ ಮೇಲಿನ ಬಟ್ಟೆ ಸರಿಸಿದಳು. ಬಿಸಿನೀರು ಸಿಡಿದ ಸಣ್ಣ ಸುಟ್ಟ ಕಲೆಗಳು ಬಿಟ್ಟರೆ ಎದೆ ಸಾಪಾಗಿತ್ತು. ಇಷ್ಟು ಹೊತ್ತೂ ಅದು ಎಲ್ಲರ ಎದುರಿಗೇ ಇತ್ತು. ಡಾಕ್ಟರು ಅದೇ ಎದೆಗೆ ಕೊಳವೆ ಒತ್ತಿದ್ದ. ಪರದೆ ನೋಡಿದವನು ಎದೆ ನೋಡಿರಲಿಲ್ಲ.

ಡಾಕ್ಟರ ಮುಖ ಕೆಂಪಾಯಿತು. "ಗುಂಡಿ ಹಾಕ್ಕೊಳ್ಳಮ್ಮ" ಅಂದ ಮೆಲ್ಲಗೆ. ಹೃದಯದ ಆಪರೇಷನ್ ಗಾಲಿಯದು ಎಂದು ಬರೆದು ಅಕ್ಕನ ಹೆಸರಿನಿಂದ ಅಳಿಸಿದ. ಗೆರೆ ಒಂದಿಷ್ಟು ಏರಿತು. ಇನ್ನೂ ಬೂದು.

"ಟಿಬಿ ಯಾರದ್ದು, ಕಿಡ್ನಿ ಯಾರದ್ದು ಹೇಳು. ಇಂಥವರದ್ದು ಅಂತ ಬರೆಯದೆ ಅದು ಅಳಿಸಕ್ಕೆ ಬಿಡಲ್ಲ."

ಗಾಲಿ ಗುಂಡಿ ಹಾಕಿಕೊಂಡಳು. ತನ್ನ ಎದೆ ತಾನು ಬಿಚ್ಚಬಹುದು. ಕೆಮ್ಮಜ್ಜಿಯ ಎದೆ ಬಿಚ್ಚಲು ತಾನು ಯಾರು? ಹೇಳಿದರೆ ಆ ಮುದುಕಿಗೆ ನಾಳೆಯ ಮಾತ್ರೆ ನಿಲ್ಲುತ್ತದೆ. ಹೇಳದಿದ್ದರೆ ಅಕ್ಕನ ಉಸಿರು ನಿಲ್ಲುತ್ತದೆ. ಅಕ್ಕ ಮಾಸ್ಕಿನೊಳಗಿಂದ ನೋಡುತ್ತಿದ್ದಳು. ಬೇಡ ಎಂಬಂತೆ ತಲೆ ಅಲುಗಿಸಿದಳು. ಬೇಡ.

ಆಗ ಬಾಗಿಲಲ್ಲಿ ಕೆಮ್ಮು ಕೇಳಿತು.

ಬೀದಿಗೆ ಸುದ್ದಿ ಹೋಗಲು ಎಷ್ಟು ಹೊತ್ತು? ಗೋಡೆ ದಾಟಿದರೆ ಬೀದಿ. ಕೆಮ್ಮಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಹಿಂದೆ ತಟ್ಟೆ ತೊಳೆಯುವವಳು, ಕೈಯಲ್ಲಿ ಇನ್ನೂ ಸೋಪಿನ ನೊರೆ. ಅವಳ ಹಿಂದೆ ಬೀದಿಯ ಉಳಿದ ಹೆಂಗಸರು.

"ಏ ಡಾಕ್ಟರಪ್ಪ" ಅಂದಳು ಕೆಮ್ಮಜ್ಜಿ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಾ? ಟಿಬಿ ನಂದು. ಬರ್ಕೋ. ಬೇಕಾದ್ರೆ ಕೆಮ್ಮಿ ತೋರಿಸ್ತೀನಿ."

"ಕಿಡ್ನಿ ನಂದು ಸಾರ್" ಅಂದಳು ತಟ್ಟೆ ತೊಳೆಯುವವಳು.

"ಬಿಡ್ಬೇಡಿ ಇವರನ್ನ! ಸೆಕ್ಯೂರಿಟಿ!" ಎಂದು ಕೂಗಿದ ಮೇಸ್ತ್ರಿ. "ಎಲ್ಲ ಕಳ್ಳಿಯರು. ಬಾಯಲ್ಲೇ ಒಪ್ಕೊಂಡವ್ರೆ."

"ಕಳ್ಳಿ ಅಂತಾನೇ ಅನ್ನು" ಅಂದಳು ಅಜ್ಜಿ. "ನಾನು ಕದ್ದಿದ್ದು ಮಾತ್ರೆ ಕಣೋ. ನೀನು ಕಿಟಕಿಗೆ ಮೊಳೆ ಹೊಡ್ದು ಗಾಳಿ ಕದ್ದೆ."

ಡಾಕ್ಟರು ಒಂದೊಂದೇ ಅಳಿಸಿದ. ಬೆರಳು ಬಡಿಯುವ ಸದ್ದು, ಅಕ್ಕನ ಉಸಿರಿನ ಸದ್ದು, ಬೇರೆ ಸದ್ದಿಲ್ಲ. ಬೀದಿಯ ರೋಗವೆಲ್ಲ ಅಕ್ಕನ ಹೆಸರಿನಿಂದ ಇಳಿಯಿತು. ಮತ್ತೆ ಕೇಳಿದ. ಎಲ್ಲರೂ ಗೋಡೆ ನೋಡಿದರು.

ಬೂದು.

"ಇನ್ನೇನಿದೆ ಸಾರ್ ಅವಳಲ್ಲಿ?" ಅಂದಳು ಗಾಲಿ.

ಡಾಕ್ಟರು ಪರದೆ ಓದಿದ. ಆಮೇಲೆ ಹೇಳಿದ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. "ಕೆಲಸ ಒಂದು... ಒಗೆಯೋ ಮನೆ. ಆಮೇಲೆ ವಿಳಾಸ."

"ವಿಳಾಸ ಅಂದ್ರೆ?"

"ನಿಮ್ಮ ಬೀದಿಯಿಂದ ಹೀಗೆ ಉಸಿರಿಲ್ಲದೆ ಬಂದವರು ಉಳಿದಿದ್ದು ಕಮ್ಮಿ. ಅದು ಹಿಂದಿನ ಲೆಕ್ಕ ನೋಡಿ ಹೇಳುತ್ತೆ."

ಗಾಲಿ ಒಂದು ಗಳಿಗೆ ಅವನನ್ನೇ ನೋಡಿದಳು. ಅವಳ ಕಣ್ಣ ಮುಂದೆ ಒಬ್ಬೊಬ್ಬರೇ ಹಾದುಹೋದರು. ಕಸದ ಗಾಡಿಯವನು. ಎದುರುಮನೆಯ ಬಾಣಂತಿ. ತಟ್ಟೆ ತೊಳೆಯುವವಳ ಗಂಡ. ಎಲ್ಲರನ್ನೂ ಯಾರು ತಳ್ಳಿಕೊಂಡು ಹೋದದ್ದು?

"ಉಳಿಯೋದು ಹೆಂಗೆ ಸಾರ್? ಅದು ಬೂದು ಅಂತು, ನೀವು ಕೈಯಾಡಿಸಿದ್ರಿ, ನಾನು ತಳ್ದೆ. ಹಿಂದಿನ ಕೋಣೆಗೆ ಹಾಕಿದ್ಮೇಲೆ ಸತ್ರು. ಸತ್ರು ಅಂತ ಅದು ಬರ್ಕೊಂತು. ಈಗ ಅದನ್ನೇ ತೋರಿಸಿ ಈ ಬೀದಿಯವರು ಸಾಯೋರೇ ಅಂತಿದೆ. ಕೊಂದೋರೇ ಸಾಕ್ಷಿ ಹೇಳಿದ ಹಾಗಾಯ್ತಲ್ಲ ಇದು!"

ಡಾಕ್ಟರು ಮತ್ತೆ ಪರದೆಯತ್ತ ತಿರುಗಿದ.

"ಸಾಕು ನಿನ್ನ ಭಾಷಣ" ಅಂದ ಮೇಸ್ತ್ರಿ. "ಕೆಲಸ ಉಳಿಸ್ಕೋಬೇಕಾ? ತಳ್ಳು."

ಗಾಲಿ ಸ್ಟ್ರೆಚರಿನ ಕೆಳಗೆ ಕಾಲು ಹಾಕಿ ಬ್ರೇಕು ಒತ್ತಿದಳು.

"ತಳ್ಳಲ್ಲ."

"ಏನಂದೆ?"

"ಕಿವಿ ಕೇಳಲ್ವಾ? ತಳ್ಳಲ್ಲ. ಇವಳನ್ನೂ ತಳ್ಳಲ್ಲ, ಇನ್ಮೇಲೆ ಯಾರನ್ನೂ ತಳ್ಳಲ್ಲ."

ಮೇಸ್ತ್ರಿ ಅವಳ ರಟ್ಟೆ ಹಿಡಿದು ಎಳೆದ. ಅವಳು ಸ್ಟ್ರೆಚರಿನ ಕಂಬಿಗೆ ಎರಡೂ ಕೈ ಸುತ್ತಿಕೊಂಡಳು. ಎದೆಯ ಹಳೇ ಹೊಲಿಗೆ ಚುಳ್ಳೆಂದಿತು. ಬಿಡಲಿಲ್ಲ.

"ಬೋಳಾ! ಏ ಬೋಳಾ! ಬಾರೋ, ಈ ಗಾಡಿ ತಗೋ!"

ಬೋಳಣ್ಣ ಬಂದ. ಸ್ಟ್ರೆಚರಿನ ಹಿಡಿಗೆ ಕೈ ಇಟ್ಟ. ಮಲಗಿದ್ದವಳ ಮುಖ ನೋಡಿದ. ಹೋದ ಚಳಿಗಾಲದಲ್ಲಿ ಅವನ ಸೊಸೆಯ ಹೆರಿಗೆಯೂ ಆ ಹೆಸರಿನಲ್ಲೇ ಆಗಿತ್ತು. ಕೈ ತೆಗೆದ.

"ಸೊಂಟ ಹಿಡ್ಕೊಂಡಿದೆ ಮೇಸ್ತ್ರಿ."

"ಈಗ ತಾನೇ ನೆಟ್ಟಗಿದ್ಯಲ್ಲೋ!"

"ಈಗ ತಾನೇ ಹಿಡ್ಕೊಂತು."

ಉಳಿದ ಗಾಡಿಯವರೂ ಒಬ್ಬೊಬ್ಬರಾಗಿ ಬಂದು ಗೋಡೆಗೆ ಒರಗಿದರು. ಯಾರ ಕೈಯೂ ಹಿಡಿಗೆ ಹೋಗಲಿಲ್ಲ, ತರುಣನ ಗಾಡಿಯೂ ನಿಂತಲ್ಲೇ ನಿಂತಿತು. ಜೋಯಿಸನ ಗೆರೆ ಗೋಡೆಯ ಮೇಲೆ ಇತ್ತು. ಅದಕ್ಕೆ ಕೈ ಇರಲಿಲ್ಲ.

ಆಗ ತರುಣನ ತಾಯಿ ಮುಂದೆ ಬಂದಳು. ಒಳ್ಳೆ ಬಟ್ಟೆ, ಅದರ ಮೇಲೆಲ್ಲ ಮಗನ ರಕ್ತ. "ನನ್ನ ಮಗ ಸಾಯ್ತಿದ್ದಾನೆ. ಕೈ ಮುಗಿತೀನಿ, ದಾರಿ ಬಿಡಿ. ನಿಮಗೂ ಮಕ್ಕಳಿಲ್ವಾ?"

ಗಾಲಿಯ ಕೋಪ ಒಂದು ಸಲ ಮುಗ್ಗರಿಸಿತು. "ನಿಮ್ಮ ಮೇಲೆ ಸಿಟ್ಟಿಲ್ಲ ತಾಯಿ" ಅಂದಳು. ಡಾಕ್ಟರ ಕಡೆ ತಿರುಗಿದಳು. "ಅವನನ್ನೂ ಪಕ್ಕಕ್ಕೇ ತನ್ನಿ ಸಾರ್. ಇಬ್ಬರ ಮುಖಾನೂ ನೋಡಿ. ಯಾರು ಬದುಕ್ಬೇಕು ಅಂತ ನೀವೇ ಬಾಯ್ಬಿಟ್ಟು ಹೇಳಿ. ನಮ್ಮಕ್ಕ ಬೇಡ ಅಂತಾದ್ರೆ ಅವಳಿಗೇ ಹೇಳಿ, ಅವಳಿಗೆ ಪ್ರಜ್ಞೆ ಇದೆ, ಕೇಳಿಸ್ಕೋತಾಳೆ. ಗೋಡೆ ಹೇಳ್ತು ಅಂತ ಹೇಳ್ಬೇಡಿ. ಗೋಡೆಗೆ ನಾನು ಕೂಲಿ ಮಾಡಲ್ಲ."

ಡಾಕ್ಟರು ಅಕ್ಕನನ್ನು ನೋಡಿದ. ಪರದೆ ಬಿಟ್ಟು, ಕೊಳವೆ ಬಿಟ್ಟು ನೋಡಿದ. ಅಕ್ಕನೂ ನೋಡಿದಳು. ಕೆಂಡದ ಕಣ್ಣು. ಮಾಸ್ಕಿನೊಳಗೆ ತುಟಿ ಅಲುಗಿತು. ಅವನು ಬಾಯಿ ತೆರೆದ, ಮುಚ್ಚಿದ.

ನರ್ಸಮ್ಮ ನೆಲ ನೋಡುತ್ತ ಗೊಣಗಿದಳು. "ಮೇಲೆ ಇನ್ನೊಂದು ಮಷೀನಿದೆ ಡಾಕ್ಟ್ರೇ."

ಎಲ್ಲರೂ ಅವಳ ಕಡೆ ತಿರುಗಿದರು.

"ವಿಐಪಿ ರೂಮಲ್ಲಿ. ಯಾರಾದ್ರೂ ದೊಡ್ಡವರು ಬಂದ್ರೆ ಅಂತ ಇಟ್ಟಿರೋದು. ಬೀಗ ಹಾಕಿದೆ."

ಇಬ್ಬರಲ್ಲಿ ಯಾರು ಎಂದು ಜೋಯಿಸನನ್ನು ಕೇಳಿದ್ದರು. ಇನ್ನೊಂದು ಮಷೀನು ಬೀಗದೊಳಗೆ ಯಾಕಿದೆ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ. ತರುಣನ ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಅವಳೇ ಮೊದಲು ಕಿರುಚಿದ್ದು. "ಕೀ ತರಿಸ್ರೀ!"

ಬೀಗದ ಕೈ ದೊಡ್ಡ ಡಾಕ್ಟರ ಹತ್ತಿರ ಇತ್ತು. ದೊಡ್ಡ ಡಾಕ್ಟರು ಅತಿಥಿಗಳಿಗೆ ಆಸ್ಪತ್ರೆ ತೋರಿಸುತ್ತಿದ್ದರು. ಒಬ್ಬರು ಹೋಗಿ ಕೇಳಿದರು, ಕಾಯಿರಿ ಅಂದರು. ಇನ್ನೊಬ್ಬರು ಹೋದರು, ಯಾರು ಅಪ್ಪಣೆ ಕೊಟ್ಟಿದ್ದು ಅಂದರು. ಎಳೆ ಡಾಕ್ಟರು ತಾನೇ ಓಡಿದ. ಅತ್ತ ತರುಣನನ್ನು ಐಸಿಯುಗೆ ತಳ್ಳಿದ್ದು ಬೋಳಣ್ಣ. ಹೀಗೆ ತಳ್ಳಲು ಅವನ ಸೊಂಟಕ್ಕೇನೂ ತೊಂದರೆ ಇರಲಿಲ್ಲ. ಇತ್ತ ಗಾಲಿ ಅಕ್ಕನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂರಿಸಿಕೊಂಡಳು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಕ್ಕನ ಒಂದೊಂದು ಉಸಿರೂ ಅವಳ ಬೆನ್ನಿಗೆ ಗರಗಸದ ಹಾಗೆ ತಾಗುತ್ತಿತ್ತು.

"ಇನ್ನೊಂಚೂರು ಕಣೇ ಅಕ್ಕಾ. ಇಷ್ಟೆಲ್ಲ ಹೆಸರು ಕೊಟ್ಟವಳು, ಇನ್ನೊಂಚೂರು ಉಸಿರು ಕೊಡು."

ಮಷೀನು ಬಂತು. ಬಿಸಿಲು ಇಳಿದಿತ್ತು. ನಳಿಗೆ ಇಳಿಸಿದ್ದು ಆ ಎಳೆ ಡಾಕ್ಟರೇ. ಯಾರು ಹೇಳಿದ್ದಕ್ಕೆ ಅಂತ ಬರೆಯಲಿ ಎಂದು ನರ್ಸಮ್ಮ ಕೇಳಿದಳು. "ನಾನು ಹೇಳಿದ್ದಕ್ಕೆ" ಅಂದ.

ಮಾರನೆಯ ದಿನ ಅಕ್ಕ ಸತ್ತಳು.

ದೊಡ್ಡ ಡಾಕ್ಟರು ಬಂದರು. ಎಳೆಯವನನ್ನು ಪಕ್ಕಕ್ಕೆ ಕರೆದರೂ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನೋಡಿದೆಯೇನಯ್ಯ? ಅದು ಹೇಳಿದ್ದೇ ನಿಜವಾಯ್ತು. ಅಷ್ಟು ರಂಪ ಮಾಡಿ ಏನು ಬಂತು?"

ಗಾಲಿ ಅಕ್ಕನ ಕಾಲಿಗೆ ಬಟ್ಟೆ ಹೊದಿಸುತ್ತಿದ್ದಳು. ತಲೆ ಎತ್ತಿದಳು.

"ಬೆಳಿಗ್ಗೆ ಬಂದವಳಿಗೆ ಸಂಜೆ ನಳಿಗೆ ಹಾಕಿದ್ರಲ್ಲ ಸ್ವಾಮಿ. ಮಧ್ಯದ ಹೊತ್ತನ್ನ ಅದರ ಲೆಕ್ಕಕ್ಕೆ ಸೇರಿಸ್ತೀರಾ? ಮೊಳೆ ಹೊಡೆದ ಕಿಟಕಿ ಸೇರಿಸ್ತೀರಾ? ನಿಮ್ಮ ಜೇಬಲ್ಲಿದ್ದ ಬೀಗದ ಕೈ?"

ದೊಡ್ಡ ಡಾಕ್ಟರು ಮೇಸ್ತ್ರಿಯತ್ತ ನೋಡಿದರು. "ಈ ಹೆಂಗಸು ಇನ್ನೂ ಕೆಲಸದಲ್ಲಿ ಇದ್ದಾಳಾ?"

ಇರಲಿಲ್ಲ. ಆದರೂ ಅಕ್ಕನನ್ನು ಶವದ ಕೋಣೆಗೆ ತಳ್ಳಿದ್ದು ಅವಳೇ. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಕೆಮ್ಮಜ್ಜಿಯನ್ನೂ ತಟ್ಟೆ ತೊಳೆಯುವವಳನ್ನೂ ಪೊಲೀಸರು ಕರೆದುಕೊಂಡು ಹೋಗಿ, ಬೈದು, ಇನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಬಾರದೆಂದು ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟರು. ಆ ಬೀದಿಯಿಂದ ಬಂದವಳು ಸತ್ತಳು ಎಂದು ಜೋಯಿಸ ಇನ್ನೊಂದು ಸಾವು ಬರೆದುಕೊಂಡ.

ಅಕ್ಕನನ್ನು ಮಣ್ಣು ಮಾಡಿ ಕೆಲವು ದಿನ ಕಳೆದಿತ್ತು. ಗಾಲಿ ಆಸ್ಪತ್ರೆಯ ಗೇಟಿನ ಹೊರಗೆ, ಗೋಡೆಯ ನೆರಳಲ್ಲಿ ಕೂತಿದ್ದಳು. ಒಳಗೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ನಡುಮಧ್ಯಾಹ್ನ ಬೋಳಣ್ಣ ಹೊರಗೆ ಬಂದ. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಬೀಡಿ ಹಚ್ಚಿದ.

"ಬೂದು ಬಂತು" ಅಂದ.

"ನಮ್ಮ ಬೀದಿಯವರಾ?"

"ಅಲ್ಲ. ಯಾರೋ ಮುದುಕ. ಮೇಷ್ಟ್ರಾಗಿದ್ದನಂತೆ. ಜೊತೇಲಿ ಮಗಳಿದ್ದಾಳೆ."

ಗಾಲಿ ಎದ್ದು ನಿಂತಳು.

"ಯಾರಣ್ಣ ತಳ್ಳಿದ್ದು?"

ಬೋಳಣ್ಣ ಹೊಗೆ ಬಿಟ್ಟ. ಗೇಟಿನೊಳಗೆ ಮೇಸ್ತ್ರಿ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದದ್ದು ಕೇಳುತ್ತಿತ್ತು. ಕೂಗಿದವನೇ ಕೂಗುತ್ತಿದ್ದ.

"ಯಾರೂ ಇಲ್ಲಮ್ಮ. ಗಾಡಿ ಅಲ್ಲೇ ನಿಂತಿದೆ. ಡಾಕ್ಟ್ರು ಗೋಡೆ ಬಿಟ್ಟು ಆ ಮಗಳ ಹತ್ರ ಮಾತಾಡ್ತಾ ಇದ್ದಾನೆ."